ಆನರ್ಸ್ ಕಾಲೇಜಿಗೆ ಅರ್ಜಿ: ಥೀಸಿಸ್‌ನಿಂದ ಹಿಂದಕ್ಕೆ ಲೆಕ್ಕ ಹಾಕುವ ಕ್ರಮ

ಅಮೆರಿಕದ ದೊಡ್ಡ ಸಾರ್ವಜನಿಕ ವಿಶ್ವವಿದ್ಯಾಲಯವೊಂದರಲ್ಲಿ ಪದವಿ ಓದಲು ಅರ್ಜಿ ತುಂಬುತ್ತಿರುವ ವಿದ್ಯಾರ್ಥಿಗೆ, ಕೆಲಸ ಅರ್ಧ ಮುಗಿಯುವಷ್ಟರಲ್ಲಿ, ಆನರ್ಸ್ ಕಾಲೇಜಿಗೂ (ವಿಶ್ವವಿದ್ಯಾಲಯದೊಳಗೆ ಆಯ್ದ ವಿದ್ಯಾರ್ಥಿಗಳಿಗೆಂದೇ ಇರುವ ಸಣ್ಣ ಕಾಲೇಜು) ತನ್ನನ್ನು ಪರಿಗಣಿಸಬೇಕೆ ಎಂಬ ಪ್ರಶ್ನೆ ಎದುರಾಗುತ್ತದೆ. ಸಿಗುವ ಗೌರವ ಸಿಗಲಿ ಎಂದು ಕೆಲವರು ಯೋಚಿಸದೆ ‘ಹೌದು’ ಎನ್ನುತ್ತಾರೆ. ಮತ್ತೆರಡು ಪ್ರಬಂಧ ಯಾರು ಬರೆಯುತ್ತಾರೆ ಎಂದು ಇನ್ನು ಕೆಲವರು ದಾಟಿಹೋಗುತ್ತಾರೆ. ಬಂಧುಬಳಗದ ಮಕ್ಕಳು ಕಳುಹಿಸುವ ಕರಡುಗಳನ್ನು ಕೆಲವು ವರ್ಷಗಳಿಂದ ಓದುತ್ತ ಬಂದಿರುವ ನನಗೆ ಈ ಎರಡೂ ತಪ್ಪೆಂದೇ ಅನ್ನಿಸಿದೆ. ಆನರ್ಸ್ ಅರ್ಜಿಯು ಇದುವರೆಗೆ ಗಳಿಸಿದ ಅಂಕಗಳಿಗೆ ಬಹುಮಾನ ಕೇಳುವ ಪತ್ರವಲ್ಲ. ನಾಲ್ಕನೆಯ ವರ್ಷದ ಕೊನೆಯಲ್ಲಿ ಒಂದು ಥೀಸಿಸ್ (ಸ್ವಂತ ಸಂಶೋಧನೆಯ ದೀರ್ಘ ಪ್ರಬಂಧ) ಬರೆದುಕೊಡುತ್ತೇನೆಂದು ಈಗಲೇ ಒಪ್ಪಿಕೊಳ್ಳುವ ಕರಾರು ಅದು. ಆದ್ದರಿಂದ ಆ ಥೀಸಿಸ್‌ನಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದರೆ ಅರ್ಜಿಯ ಪ್ರತಿಯೊಂದು ಭಾಗದಲ್ಲೂ ಏನು ಬರೆಯಬೇಕೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಕರ್ನಾಟಕದಲ್ಲಿ ದ್ವಿತೀಯ ಪಿಯು ಓದುತ್ತ ಅರ್ಜಿ ಹಾಕುವವರನ್ನೂ ಅಮೆರಿಕದಲ್ಲೇ ಹನ್ನೆರಡನೆಯ ತರಗತಿಯಲ್ಲಿರುವ ಕನ್ನಡ ಮನೆಗಳ ಮಕ್ಕಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಮೊದಲು ಹೆಸರಿನ ಗೊಂದಲ

‘ಆನರ್ಸ್’ ಎಂಬ ಪದ ನಮ್ಮಲ್ಲಿ ಬೇರೆಯದೇ ಅರ್ಥದಲ್ಲಿ ಬಳಕೆಯಲ್ಲಿದೆ. ಕರ್ನಾಟಕವು 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಆನರ್ಸ್ ಪದವಿಯನ್ನು ಜಾರಿಗೆ ತಂದು, 2024-25ರಿಂದ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ಅಲ್ಲಿ ಆನರ್ಸ್ ಎಂದರೆ ಪದವಿಯ ಹೆಸರು, ಅದರ ಅವಧಿ. ಅಮೆರಿಕದಲ್ಲಿ ಪದವಿ ಎಲ್ಲರಿಗೂ ನಾಲ್ಕು ವರ್ಷದ್ದೇ ಆಗಿದ್ದು, ಆನರ್ಸ್ ಎಂಬುದು ಅದೇ ಪದವಿಯೊಳಗೆ ಆಯ್ದ ಕೆಲವರು ನಡೆಯುವ ಇನ್ನೊಂದು ಹಾದಿ. ಎಂಜಿನಿಯರಿಂಗ್ ಓದುವವರೂ ಇತಿಹಾಸ ಓದುವವರೂ ತಮ್ಮ ತಮ್ಮ ವಿಭಾಗದಲ್ಲಿದ್ದುಕೊಂಡೇ ಒಂದೇ ಆನರ್ಸ್ ಕಾಲೇಜಿನ ಸದಸ್ಯರಾಗಿರಬಹುದು.

ಅಲ್ಲಿಯೂ ಈ ಪದಕ್ಕೆ ಮೂರು ನಾಲ್ಕು ಅರ್ಥಗಳಿವೆ. ಪದವಿ ಪ್ರಮಾಣಪತ್ರದ ಮೇಲೆ ‘ಸುಮ್ಮಾ ಕುಮ್ ಲಾಡೆ’ (ಅತ್ಯುನ್ನತ ಗೌರವದೊಂದಿಗೆ) ಎಂದು ಮುದ್ರಿಸುವ ಲ್ಯಾಟಿನ್ ಗೌರವಕ್ಕೆ ಸಾಮಾನ್ಯವಾಗಿ ಸರಾಸರಿ ಅಂಕವೇ ಆಧಾರ. ಅದಕ್ಕೆ ಮೊದಲೇ ಅರ್ಜಿ ಹಾಕಬೇಕಾಗಿಲ್ಲ. ವಿಭಾಗದ ಆನರ್ಸ್ ಎಂಬುದು ಒಂದೇ ವಿಷಯದೊಳಗಿನದು ಮತ್ತು ಹೆಚ್ಚಾಗಿ ಮೂರನೆಯ ವರ್ಷದಲ್ಲಿ ಆರಂಭವಾಗುವಂಥದು. ಇವಲ್ಲದೆ ‘ಆನರ್ ಸೊಸೈಟಿ’ ಎಂಬ ಸಂಘಗಳಿವೆ. 1776ರಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾದಂತಹ ಪ್ರತಿಷ್ಠಿತ ಸಂಘಗಳು ಒಂದು ಕಡೆಯಾದರೆ, ಆಕರ್ಷಕ ಪತ್ರ ಕಳುಹಿಸಿ ಸದಸ್ಯತ್ವದ ಹಣ ಕೇಳುವುದರ ಹೊರತು ಬೇರೇನೂ ಮಾಡದ ಸಂಘಗಳು ಇನ್ನೊಂದು ಕಡೆ. ಹಣ ಕೇಳುವ ಅಂತಹ ಪತ್ರ ಮನೆಗೆ ಬಂದ ಮಾತ್ರಕ್ಕೆ ಮಗಳಿಗೆ ಆನರ್ಸ್ ಸಿಕ್ಕಿತೆಂದು ಊರಿಗೆ ಫೋನ್ ಮಾಡಬೇಕಾಗಿಲ್ಲ.

ನಾವಿಲ್ಲಿ ಮಾತಾಡುತ್ತಿರುವುದು ಆನರ್ಸ್ ಕಾಲೇಜಿನ ಬಗ್ಗೆ. ಈ ಕಲ್ಪನೆಗೆ ಅಮೆರಿಕದಲ್ಲಿ ನೂರು ವರ್ಷಗಳ ಇತಿಹಾಸವಿದೆ. ಪೆನ್ಸಿಲ್ವೇನಿಯಾದ ಸ್ವಾರ್ಥ್‌ಮೋರ್ ಕಾಲೇಜಿನ ಅಧ್ಯಕ್ಷರಾಗಿದ್ದ ಫ್ರಾಂಕ್ ಐಡೆಲಾಟ್ ಅವರು, ಆಕ್ಸ್‌ಫರ್ಡ್‌ನಲ್ಲಿ ತಾವು ಕಂಡ ಪದ್ಧತಿಯನ್ನು ಅನುಸರಿಸಿ, 1922ರಲ್ಲಿ ಅಲ್ಲಿ ಆನರ್ಸ್ ವ್ಯಾಸಂಗವನ್ನು ಆರಂಭಿಸಿದರು; ಸಣ್ಣ ಗುಂಪಿನಲ್ಲಿ ಚರ್ಚೆ ಮತ್ತು ಹೊರಗಿನಿಂದ ಬಂದ ಪರೀಕ್ಷಕರು ಅದರ ಲಕ್ಷಣಗಳಾಗಿದ್ದವು. ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕೇಂದ್ರದಲ್ಲಿ ‘ಪ್ಲಾನ್ ಟು’ ಎಂಬ ಆನರ್ಸ್ ಪದವಿ 1935ರಿಂದ ನಡೆಯುತ್ತಿದೆ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಆನರ್ಸ್ ಕಾಲೇಜು 1988ರಲ್ಲಿ ಸ್ಥಾಪನೆಯಾಯಿತು. ಇಂಟೆಲ್ ಕಂಪನಿಯ ಮುಖ್ಯಸ್ಥರಾಗಿದ್ದ ಕ್ರೇಗ್ ಬ್ಯಾರೆಟ್ ಮತ್ತು ಅವರ ಪತ್ನಿ ಬಾರ್ಬರಾ ನೀಡಿದ ದತ್ತಿಯ ನಂತರ ಅದಕ್ಕೆ ‘ಬ್ಯಾರೆಟ್’ ಎಂಬ ಹೆಸರು ಬಂತು. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ (ಪೆನ್ ಸ್ಟೇಟ್) ಶ್ರಾಯರ್ ಆನರ್ಸ್ ಕಾಲೇಜು 1997ರದು. ಹತ್ತಾರು ಸಾವಿರ ವಿದ್ಯಾರ್ಥಿಗಳಿರುವ ವಿಶ್ವವಿದ್ಯಾಲಯಗಳು, ದುಬಾರಿ ಖಾಸಗಿ ಕಾಲೇಜುಗಳತ್ತ ಹೊರಟ ಒಳ್ಳೆಯ ವಿದ್ಯಾರ್ಥಿಗಳನ್ನು ತಮ್ಮಲ್ಲಿ ಉಳಿಸಿಕೊಳ್ಳಲು, ದೊಡ್ಡ ಸಂಸ್ಥೆಯೊಳಗೆ ಒಂದು ಸಣ್ಣ ಕಾಲೇಜನ್ನು ಕಟ್ಟಿದವು ಎಂದು ತಿಳಿದರೆ ಸಾಕು.

ಬೇಕೋ ಬೇಡವೋ ಎಂಬ ತೀರ್ಮಾನ

ಅರ್ಜಿ ತೆರೆಯುವ ಮೊದಲು ಇದನ್ನು ತೀರ್ಮಾನಿಸಬೇಕು. ಸಿಗುವುದೇನು ಎಂದು ನೋಡಿದರೆ, ಮುನ್ನೂರು ಜನರ ಸಭಾಂಗಣದ ಬದಲು ಇಪ್ಪತ್ತರ ಆಸುಪಾಸಿನ ತರಗತಿ, ಕೋರ್ಸುಗಳ ನೋಂದಣಿಯಲ್ಲಿ ಇತರರಿಗಿಂತ ಮೊದಲ ಅವಕಾಶ, ಹಲವು ಕಡೆ ಪ್ರತ್ಯೇಕ ಹಾಸ್ಟೆಲ್, ಹೆಸರು ಹಿಡಿದು ಗುರುತಿಸುವ ಸಲಹೆಗಾರರು, ಕೆಲವೆಡೆ ಸಂಶೋಧನೆಗೂ ವಿದೇಶ ವ್ಯಾಸಂಗಕ್ಕೂ ಅಷ್ಟಿಷ್ಟು ಧನಸಹಾಯ. ಕೊಡಬೇಕಾದದ್ದೂ ಕಡಿಮೆಯೇನಲ್ಲ. ನಾಲ್ಕಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕವಾದ ಜಿಪಿಎಯನ್ನು ಸಾಮಾನ್ಯವಾಗಿ 3.2 ಮತ್ತು 3.5ರ ನಡುವಿನ ಒಂದು ಮಟ್ಟಕ್ಕಿಂತ ಮೇಲೆ ಉಳಿಸಿಕೊಳ್ಳಬೇಕು, ನಿಗದಿಯಾದಷ್ಟು ಆನರ್ಸ್ ಕ್ರೆಡಿಟ್‌ಗಳನ್ನು ಮುಗಿಸಬೇಕು, ಹೆಚ್ಚಿನ ಕಡೆ ಥೀಸಿಸ್ ಬರೆಯಬೇಕು. ಕೆಲವು ಕಾಲೇಜುಗಳಲ್ಲಿ ಪ್ರತಿ ಸೆಮಿಸ್ಟರಿಗೆ ಆನರ್ಸ್ ಶುಲ್ಕವೂ ಪ್ರತ್ಯೇಕವಾಗಿ ಇರುತ್ತದೆ. ಡಾಲರನ್ನು ರೂಪಾಯಿಗೆ ಬದಲಾಯಿಸಿ ಲೆಕ್ಕ ಹಾಕುವ ಮನೆಯವರು ಈ ಶುಲ್ಕವನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಅದರಲ್ಲೂ ಆನರ್ಸ್ ಪ್ರವೇಶ ಮತ್ತು ವಿದ್ಯಾರ್ಥಿವೇತನ ಎರಡೂ ಒಂದೇ ಎಂದು ಭಾವಿಸಬಾರದು. ಬಹಳಷ್ಟು ಕಡೆ ಅವು ಬೇರೆ ಬೇರೆ ನಿರ್ಧಾರಗಳು.

ಇಷ್ಟನ್ನು ತೂಗಿ ನೋಡಲು ನನಗೆ ಗೊತ್ತಿರುವ ಅತ್ಯುತ್ತಮ ಉಪಾಯ ಒಂದಿದೆ. ಹಲವು ಆನರ್ಸ್ ಕಾಲೇಜುಗಳ ಹಳೆಯ ಥೀಸಿಸ್‌ಗಳು ಆಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ಸಿಗುತ್ತವೆ. ಪೆನ್ ಸ್ಟೇಟ್ ಗ್ರಂಥಾಲಯವು ಶ್ರಾಯರ್ ವಿದ್ಯಾರ್ಥಿಗಳ ಥೀಸಿಸ್‌ಗಳಿಗೆಂದೇ ಒಂದು ಸಂಗ್ರಹವನ್ನು ಇಟ್ಟಿದೆ. ನೀವು ಓದಬೇಕೆಂದಿರುವ ವಿಷಯದಲ್ಲಿ ಬಂದ ನಾಲ್ಕಾರು ಥೀಸಿಸ್‌ಗಳ ಶೀರ್ಷಿಕೆ, ಸಾರಾಂಶ ಮತ್ತು ಕೃತಜ್ಞತೆಯ ಪುಟಗಳನ್ನು ಓದಿರಿ. ಇಪ್ಪತ್ತೊಂದು ವರ್ಷದವರು ಎಂತಹ ಪ್ರಶ್ನೆ ಕೇಳುತ್ತಾರೆ, ಯಾವ ಪ್ರಾಧ್ಯಾಪಕರು ಕೈಹಿಡಿದು ನಡೆಸುತ್ತಾರೆ, ಪ್ರಯೋಗಾಲಯದ ಕೆಲಸ ಯಾವ ವರ್ಷ ಶುರುವಾಗಿತ್ತು ಎಂಬುದೆಲ್ಲ ಆ ಪುಟಗಳಲ್ಲಿ ಕಾಣುತ್ತದೆ. ಅವನ್ನು ಓದುವಾಗ ‘ಇಂಥದೊಂದನ್ನು ನಾನೂ ಮಾಡಬೇಕು’ ಎಂಬ ಆಸೆ ಹುಟ್ಟಿದರೆ ಅರ್ಜಿ ಹಾಕಿರಿ. ಆಕಳಿಕೆ ಬಂದರೆ, ನಾಚಿಕೆಪಡದೆ, ಸಾಮಾನ್ಯ ಪ್ರವೇಶಕ್ಕಷ್ಟೇ ಅರ್ಜಿ ಹಾಕಿ ನೆಮ್ಮದಿಯಿಂದ ಓದಿರಿ.

ಪಟ್ಟಿ ಮತ್ತು ದಿನಾಂಕ

ಅರ್ಜಿ ಸಲ್ಲಿಸುವ ವಿಧಾನ ಎಲ್ಲ ಕಡೆ ಒಂದೇ ಅಲ್ಲ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಂತಹ ಕೆಲವು ಕಡೆ ಆನರ್ಸ್‌ಗೆ ಬೇರೆ ಅರ್ಜಿಯೇ ಇಲ್ಲ. ಪ್ರವೇಶದ ಅರ್ಜಿಯನ್ನೇ ನೋಡಿ ಅವರೇ ಆರಿಸುತ್ತಾರೆ. ಇನ್ನು ಕೆಲವು ಕಡೆ ಅದೇ ಅರ್ಜಿಯೊಳಗೆ ಗುರುತು ಹಾಕಿದೊಡನೆ ಹೆಚ್ಚುವರಿ ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ಬ್ಯಾರೆಟ್ ಮತ್ತು ಶ್ರಾಯರ್‌ನಂತಹ ಕಡೆ ಆನರ್ಸ್‌ಗೆ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಪ್ರಬಂಧಗಳು ಇರುತ್ತವೆ. ಹೀಗಾಗಿ ಪ್ರತಿ ವಿಶ್ವವಿದ್ಯಾಲಯಕ್ಕೂ ಒಂದೊಂದು ಸಾಲಿನಂತೆ ಒಂದು ಕೋಷ್ಟಕ ಮಾಡಿಕೊಂಡು, ಅದರಲ್ಲಿ ಅರ್ಜಿಯ ಬಗೆ, ಪ್ರವೇಶದ ಗಡುವು, ಆನರ್ಸ್ ಗಡುವು, ಪ್ರಬಂಧದ ಪ್ರಶ್ನೆ, ಪದಮಿತಿ ಹಾಗೂ ಶಿಫಾರಸು ಪತ್ರಗಳ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಪ್ರಶ್ನೆಗಳು ವರ್ಷವರ್ಷಕ್ಕೂ ಬದಲಾಗುವುದರಿಂದ ಅಣ್ಣನೋ ಅಕ್ಕನೋ ಹೋದ ವರ್ಷ ಬರೆದದ್ದನ್ನು ನಂಬಬಾರದು.

ಆನರ್ಸ್ ಬಯಸುವವರಿಗೆ ಹಲವು ವಿಶ್ವವಿದ್ಯಾಲಯಗಳಲ್ಲಿ ನಿಜವಾದ ಗಡುವು ನವೆಂಬರ್ 1. ಪ್ರವೇಶಕ್ಕೆ ಜನವರಿಯವರೆಗೆ ಸಮಯವಿದ್ದರೂ ಆನರ್ಸ್ ಮತ್ತು ದೊಡ್ಡ ವಿದ್ಯಾರ್ಥಿವೇತನಗಳನ್ನು ಮೊದಲ ಸುತ್ತಿನಲ್ಲಿ ಬಂದವರಿಗೇ ಮೀಸಲಿಡುವುದುಂಟು. ಕನ್ನಡಿಗರಿಗೆ ಈ ದಿನಾಂಕ ನೆನಪಿನಲ್ಲಿ ಉಳಿಯುವುದು ಸುಲಭ, ಅದು ರಾಜ್ಯೋತ್ಸವದ ದಿನ. ತೊಂದರೆ ಇರುವುದೂ ಅಲ್ಲಿಯೇ: ಅಂದು ಕಾಲೇಜಿಗೆ ರಜೆ, ಅದರ ಹಿಂದೆಯೋ ಮುಂದೆಯೋ ದೀಪಾವಳಿ, ಪ್ರಾಂಶುಪಾಲರು ಊರಿನಲ್ಲಿ, ಕಚೇರಿಗೆ ಬೀಗ. ಆದ್ದರಿಂದ ಸಹಿ, ಮೊಹರು, ಅಂಕಪಟ್ಟಿ ಎಲ್ಲವೂ ದಸರಾ ರಜೆಗೆ ಮೊದಲೇ ಕೈಗೆ ಬಂದಿರಬೇಕೆಂಬ ಲೆಕ್ಕ ಇಟ್ಟುಕೊಳ್ಳಿರಿ. ಗಡುವಿನ ಗಂಟೆ ಯಾವ ಊರಿನ ಸಮಯಕ್ಕೆ ಸೇರಿದ್ದು ಎಂಬ ತರ್ಕಕ್ಕೂ ಇಳಿಯಬೇಡಿ. ನ್ಯೂಯಾರ್ಕಿನ ಮಧ್ಯರಾತ್ರಿ ನಮಗೆ ಮರುದಿನ ಬೆಳಿಗ್ಗೆ ಒಂಬತ್ತೂವರೆಯೋ ಹತ್ತೂವರೆಯೋ ಆಗುವುದು ನಿಜವಾದರೂ, ಆ ಹತ್ತು ಗಂಟೆಯನ್ನು ನಂಬಿಕೊಂಡು ಕುಳಿತವರಿಗೆ ಕಾರ್ಡ್ ಪಾವತಿ ವಿಫಲವಾಗುವುದು ಸರಿಯಾಗಿ ಆಗಲೇ.

ಅಂಕಪಟ್ಟಿ ಮತ್ತು ಶಿಫಾರಸು

ಕರ್ನಾಟಕದಿಂದ ಅರ್ಜಿ ಹಾಕುವವರ ಕೈಯಲ್ಲಿ ಆ ಹೊತ್ತಿಗೆ ಇರುವುದು ಎಸ್ಎಸ್ಎಲ್‌ಸಿ ಮತ್ತು ಪ್ರಥಮ ಪಿಯು ಅಂಕಪಟ್ಟಿಗಳು ಮಾತ್ರ. ಒಂಬತ್ತನೆಯ ತರಗತಿಯ ಅಂಕಗಳನ್ನೂ ಕೇಳುತ್ತಾರೆ, ಏಕೆಂದರೆ ಅಮೆರಿಕದ ಪ್ರೌಢಶಾಲೆ ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷದ್ದು. ದ್ವಿತೀಯ ಪಿಯು ಫಲಿತಾಂಶಕ್ಕೆ ಬದಲಾಗಿ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಮಧ್ಯಂತರ ಪರೀಕ್ಷೆಯ ಅಂಕಗಳನ್ನೂ ನಿರೀಕ್ಷಿತ ಅಂಕಗಳನ್ನೂ ಬರೆಸಿಕೊಳ್ಳಬೇಕಾಗಬಹುದು. ಪಿಯು ಅಂಕವನ್ನು ನೀವಾಗಿಯೇ ಜಿಪಿಎಗೆ ಪರಿವರ್ತಿಸಿ ಬರೆಯಬೇಡಿ. ನೂರಕ್ಕೆ ಇಷ್ಟು ಎಂದೇ ಬರೆದರೆ ಅದನ್ನು ಓದಬಲ್ಲವರು ಅಲ್ಲಿದ್ದಾರೆ. ಅಮೆರಿಕದ ಪ್ರವೇಶ ಪರೀಕ್ಷೆಯಾದ ಎಸ್ಎಟಿಯ ಅಂಕವನ್ನು ಕೆಲವು ವಿಶ್ವವಿದ್ಯಾಲಯಗಳು ಐಚ್ಛಿಕವಾಗಿ ಇಟ್ಟಿದ್ದರೆ, ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕೇಂದ್ರದಂತಹವು 2025ರ ಪ್ರವೇಶದಿಂದ ಮತ್ತೆ ಕಡ್ಡಾಯ ಮಾಡಿವೆ. ಇದನ್ನೂ ಕೋಷ್ಟಕಕ್ಕೆ ಸೇರಿಸಿ.

ಹಲವು ವಿಶ್ವವಿದ್ಯಾಲಯಗಳಿಗೆ ಒಂದೇ ಅರ್ಜಿ ತುಂಬುವ ಜಾಲತಾಣವಾದ ಕಾಮನ್ ಆ್ಯಪ್‌ನಲ್ಲಿ ‘ಕೌನ್ಸೆಲರ್’ (ಶಾಲೆಯ ಮಾರ್ಗದರ್ಶಕರು) ತುಂಬಬೇಕಾದ ಭಾಗವೊಂದಿದೆ. ನಮ್ಮ ಬಹುತೇಕ ಪಿಯು ಕಾಲೇಜುಗಳಲ್ಲಿ ಅಂಥವರು ಇಲ್ಲವಾದ್ದರಿಂದ ಪ್ರಾಂಶುಪಾಲರೋ ಉಪಪ್ರಾಂಶುಪಾಲರೋ ಆ ಕೆಲಸ ಮಾಡಬಹುದು; ಕಾಲೇಜಿನ ಅಧಿಕೃತ ಇಮೇಲ್ ವಿಳಾಸವಿದ್ದರೆ ಮಾತ್ರ ಅದನ್ನೇ ಬಳಸಲು ವಿನಂತಿಸಿರಿ. ಶಿಫಾರಸು ಪತ್ರಕ್ಕೆ ಉಪನ್ಯಾಸಕರನ್ನು ಕೇಳಿದಾಗ ‘ನೀನೇ ಬರೆದುಕೊಂಡು ಬಾ, ಸಹಿ ಮಾಡುತ್ತೇನೆ’ ಎನ್ನುವ ಪರಿಪಾಠ ನಮ್ಮಲ್ಲಿ ಇದೆ. ಅದನ್ನು ವಿನಯದಿಂದಲೇ ನಿರಾಕರಿಸಬೇಕು. ಅದು ಅಪ್ರಾಮಾಣಿಕ ಎಂಬುದು ಒಂದು ಕಾರಣವಾದರೆ, ವಿದ್ಯಾರ್ಥಿ ತಾನೇ ಬರೆದ ಪತ್ರದಲ್ಲಿ ಬರೀ ವಿಶೇಷಣಗಳು ತುಂಬಿಕೊಂಡು ಘಟನೆ ಒಂದೂ ಇಲ್ಲದೆ ಹೋಗುವುದು ಇನ್ನೊಂದು. ಅದರ ಬದಲು ಒಂದು ಪುಟದ ಟಿಪ್ಪಣಿಯನ್ನು ಅವರ ಕೈಗೆ ಕೊಡಿರಿ: ‘ಸರ್, ಬೆಳಕಿನ ವಕ್ರೀಭವನದ ಪ್ರಯೋಗದಲ್ಲಿ ನನ್ನ ಅಳತೆ ತಪ್ಪಿದಾಗ ನೀವು ಹೀಗೆ ಕೇಳಿದ್ದಿರಿ, ನಾನು ಮರುದಿನ ಮತ್ತೆ ಬಂದು ಮಾಡಿದ್ದೆ.’ ಇಷ್ಟು ನೆನಪು ಮಾಡಿಕೊಟ್ಟರೆ ಪತ್ರಕ್ಕೆ ಬೇಕಾದ ಜೀವ ಬರುತ್ತದೆ. ಸಮಯ ಕಡಿಮೆಯೆಂದರೂ ಮೂರು ವಾರ ಕೊಡಬೇಕು.

ಕಾಮನ್ ಆ್ಯಪ್‌ನ ಚಟುವಟಿಕೆಗಳ ಪಟ್ಟಿಯಲ್ಲಿ ಹತ್ತು ಸಾಲುಗಳು, ಪ್ರತಿಯೊಂದರ ವಿವರಣೆಗೆ 150 ಅಕ್ಷರಗಳಷ್ಟೇ ಜಾಗ. ಮನೆಯ ಅಂಗಡಿಯಲ್ಲಿ ಸಂಜೆ ಲೆಕ್ಕ ಬರೆಯುವುದು, ಅಡಿಕೆ ಕೊಯ್ಲಿನ ದಿನಗಳಲ್ಲಿ ತೋಟದ ಕೆಲಸ, ಹಾಸಿಗೆ ಹಿಡಿದ ಅಜ್ಜನ ಆರೈಕೆ ಇವೂ ಚಟುವಟಿಕೆಗಳೇ. ನಮ್ಮ ಮಕ್ಕಳು ಇವನ್ನು ಬಿಟ್ಟು, ಒಂದೇ ದಿನ ಹೋಗಿ ಬಂದ ಶಿಬಿರದ ಪ್ರಮಾಣಪತ್ರವನ್ನು ಮೇಲಿಡುತ್ತಾರೆ.

ಪ್ರಬಂಧ

ಅರ್ಜಿಯ ಗಟ್ಟಿ ಭಾಗ ಇದು. ಕಾಮನ್ ಆ್ಯಪ್‌ನ ಮುಖ್ಯ ಪ್ರಬಂಧ 650 ಪದ ಮೀರಬಾರದು, ಮತ್ತು ಅದು ನೀವು ಯಾರು ಎಂಬುದನ್ನು ಕೇಳುತ್ತದೆ. ಆನರ್ಸ್ ಪ್ರಬಂಧ ಕೇಳುವುದು ನೀವು ಹೇಗೆ ಯೋಚಿಸುತ್ತೀರಿ ಎಂಬುದನ್ನು. ನಿಮ್ಮನ್ನು ಕಾಡುವ ಪ್ರಶ್ನೆ ಯಾವುದು, ನಿಮ್ಮ ಅಭಿಪ್ರಾಯ ಯಾವಾಗ ಬದಲಾಯಿತು, ಒಂದು ಸಮಸ್ಯೆಯನ್ನು ಎರಡು ಶಾಸ್ತ್ರಗಳ ಕಣ್ಣಿನಿಂದ ನೋಡಬಲ್ಲಿರಾ ಎಂಬ ಬಗೆಯ ಪ್ರಶ್ನೆಗಳು ಇರುತ್ತವೆ. ಮುಖ್ಯ ಪ್ರಬಂಧವನ್ನೇ ಕತ್ತರಿಸಿ ಇಲ್ಲಿ ಅಂಟಿಸಿದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಚಿತ್ರದುರ್ಗದ ಕಡೆಯ ಹುಡುಗನೊಬ್ಬ ನೀರಿನ ಬಗ್ಗೆ ಬರೆಯುತ್ತಾನೆ. ಮೊದಲ ಕರಡು ‘ನೀರು ಜೀವಜಲ, ಅದನ್ನು ಉಳಿಸುವುದು ನಮ್ಮೆಲ್ಲರ ಕರ್ತವ್ಯ’ ಎಂದು ಶುರುವಾಗುತ್ತದೆ. ಶಾಲೆಯ ಭಾಷಣ ಸ್ಪರ್ಧೆಯ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ. ಮಳೆಯ ಅಂಕಿ ಅಂಶ, ಅಂತರ್ಜಲದ ಕುಸಿತ, ಕೊನೆಗೊಂದು ಸಂಕಲ್ಪ, ಇವುಗಳಲ್ಲಿ ಅವನಿಗೇ ಸೇರಿದ್ದು ಯಾವುದೂ ಇಲ್ಲ. ಆದರೆ ಅವನ ಊರಿನ ಕೆರೆಗೆ ಹಿಂದೆ ಒಬ್ಬ ನೀರುಗಂಟಿ ಇದ್ದ, ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸುತ್ತಿದ್ದ, ಈಗ ಅವನಿಲ್ಲ, ಕೆರೆ ತುಂಬಿದ ವರ್ಷವೂ ಜನ ಕೊಳವೆ ಬಾವಿಯನ್ನೇ ನಂಬುತ್ತಾರೆ ಎಂಬುದು ಮಾತಿನ ನಡುವೆ ಹೊರಬರುತ್ತದೆ. ಪ್ರಬಂಧ ಇರುವುದು ಅಲ್ಲಿ. ನೀರು ಇದ್ದೂ ಕೆರೆಯ ಕಡೆ ಜನ ಏಕೆ ತಿರುಗುವುದಿಲ್ಲ? ಹಂಚುವ ನಂಬಿಕಸ್ಥ ವ್ಯಕ್ತಿ ಇಲ್ಲದಿರುವುದು ಕಾರಣವೋ, ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತು ಕಾರಣವೋ, ಬೆಳೆ ಬದಲಾದದ್ದು ಕಾರಣವೋ? ಇದಕ್ಕೆ ಜಲವಿಜ್ಞಾನವೂ ಅರ್ಥಶಾಸ್ತ್ರವೂ ಜಾತಿಯ ಇತಿಹಾಸವೂ ಬೇಕಾಗುತ್ತವೆ, ಮತ್ತು ಇದು ನಾಲ್ಕನೆಯ ವರ್ಷದಲ್ಲಿ ಥೀಸಿಸ್ ಆಗಬಲ್ಲ ಪ್ರಶ್ನೆ. ಉತ್ತರ ಅವನಿಗೆ ಗೊತ್ತಿರಬೇಕಾಗಿಲ್ಲ. ಯಾರನ್ನು ಕೇಳಿದೆ, ಯಾವ ಊಹೆ ಸುಳ್ಳಾಯಿತು ಎಂಬುದನ್ನು ಹೇಳಿದರೆ ಸಾಕು.

ಅಮೆರಿಕದಲ್ಲಿ ಬೆಳೆದ ಮಕ್ಕಳ ಕಷ್ಟ ಬೇರೆ. ಹತ್ತು ವರ್ಷ ಭರತನಾಟ್ಯ ಕಲಿತು ರಂಗಪ್ರವೇಶ ಮಾಡಿದ ಹುಡುಗಿಗೆ ಅದರ ಬಗ್ಗೆಯೇ ಬರೆಯಬೇಕೆನ್ನಿಸುವುದು ಸಹಜ. ಅಂತಹ ಪ್ರಬಂಧಗಳನ್ನು ನಾನೇ ಬೇಕಾದಷ್ಟು ಓದಿದ್ದೇನೆ ಎಂದ ಮೇಲೆ ಆಯ್ಕೆ ಸಮಿತಿಯವರು ಎಷ್ಟು ಓದಿರಬೇಡ! ಗೆಜ್ಜೆಯ ನಾದ, ನೋಯುವ ಕಾಲು, ಎರಡು ಸಂಸ್ಕೃತಿಗಳ ನಡುವಿನ ಸೇತುವೆ, ಎಲ್ಲವೂ ಒಂದೇ ಅಚ್ಚಿನವು. ಅದೇ ಹುಡುಗಿ ಶಿರಸಿಯಿಂದ ಬಂದ ಅಜ್ಜಿ ಆಡುವ ಹವ್ಯಕ ಮಾತು ಅಮ್ಮನಿಗೆ ಸಲೀಸಾಗಿ ಬರುವುದನ್ನೂ, ತನಗೆ ಅರ್ಥವಾದರೂ ಬಾಯಿಗೆ ಬಾರದಿರುವುದನ್ನೂ, ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ತಾನು ಇಂಗ್ಲಿಷಿನಲ್ಲೇ ಉತ್ತರಿಸುವುದನ್ನೂ ಗಮನಿಸಿ, ತಿಳಿಯುವ ಭಾಷೆ ಆಡುವ ಭಾಷೆಯಾಗದೆ ನಿಂತುಹೋಗುವುದು ಯಾವ ಹಂತದಲ್ಲಿ ಎಂದು ಕೇಳಿದರೆ ಅದು ಭಾಷಾಶಾಸ್ತ್ರದ ನಿಜವಾದ ಪ್ರಶ್ನೆ. ನೃತ್ಯದ ಬಗ್ಗೆಯೇ ಬರೆಯುವುದಾದರೂ ಅಡ್ಡಿಯಿಲ್ಲ, ಅಲ್ಲೊಂದು ಪ್ರಶ್ನೆ ಇರಬೇಕು ಅಷ್ಟೆ.

‘ನಮ್ಮ ಆನರ್ಸ್ ಕಾಲೇಜನ್ನೇ ಏಕೆ ಬಯಸುತ್ತೀರಿ?’ ಎಂದು ಕೇಳಿದಾಗ ಮೊದಲ ನೋಂದಣಿ, ಒಳ್ಳೆಯ ಹಾಸ್ಟೆಲ್ ಎಂದು ಬರೆಯಬಾರದು. ಅವು ನಿಮಗೆ ಬೇಕೆಂದು ಅವರಿಗೂ ಗೊತ್ತು. ಬ್ಯಾರೆಟ್‌ನ ಮೊದಲ ವರ್ಷದ ‘ದಿ ಹ್ಯೂಮನ್ ಈವೆಂಟ್’ ತರಗತಿಯಂತಹ ನಿರ್ದಿಷ್ಟ ಕೋರ್ಸೊಂದನ್ನೋ ಮೊದಲೇ ಓದಿದ ಥೀಸಿಸ್ ಒಂದನ್ನೋ ಹೆಸರಿಸಿ, ಅದು ನಿಮ್ಮ ಪ್ರಶ್ನೆಗೆ ಹೇಗೆ ಒದಗುತ್ತದೆ ಎಂದು ಹೇಳಿರಿ. ಅದಕ್ಕೇ ಆ ಥೀಸಿಸ್‌ಗಳನ್ನು ಮೊದಲು ಓದಿಸಿದ್ದು.

ಕರಡನ್ನು ಬರೆದು ವಾರವಿಡೀ ಮುಟ್ಟದೆ ಬಿಟ್ಟು, ಆಮೇಲೆ ಗಟ್ಟಿಯಾಗಿ ಓದಿಕೊಳ್ಳಿರಿ. ಬೇರೆಯವರಿಗೆ ತೋರಿಸುವುದಾದರೆ ಇಬ್ಬರಿಗಿಂತ ಹೆಚ್ಚು ಬೇಡ. ಅಪ್ಪ ತಿದ್ದಿದ್ದನ್ನು ಮಾವ ತಿದ್ದಿ, ಅದನ್ನು ಸಲಹಾ ಕೇಂದ್ರದವರು ಮತ್ತೆ ತಿದ್ದಿದ ಪ್ರಬಂಧದಲ್ಲಿ ಹದಿನೇಳು ವರ್ಷದವರ ದನಿ ಉಳಿದಿರುವುದಿಲ್ಲ. ಕೃತಕ ಬುದ್ಧಿಮತ್ತೆಯ ಉಪಕರಣಗಳ ಬಗ್ಗೆ ಪ್ರತಿ ವಿಶ್ವವಿದ್ಯಾಲಯವೂ ತನ್ನದೇ ನಿಯಮ ಹೇಳಿರುತ್ತದೆ, ಅದನ್ನು ಓದಿರಿ. ನಿಯಮ ಏನೇ ಇರಲಿ, ಸಂದರ್ಶನಕ್ಕೆ ಕರೆದು ‘ನೀರುಗಂಟಿಯ ಬಗ್ಗೆ ಇನ್ನಷ್ಟು ಹೇಳು’ ಎಂದಾಗ ಮಾತಾಡಬೇಕಾದವರು ನೀವೇ. ಸಂದರ್ಶನ ಇದ್ದರೆ ಅದಕ್ಕೆ ಬೇರೆ ಸಿದ್ಧತೆ ಬೇಕಾಗಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳುವ ಅಭ್ಯಾಸವನ್ನಷ್ಟು ಮಾಡಿಕೊಳ್ಳಿರಿ.

ಸಲ್ಲಿಸಿದ ಮೇಲೆ

ಅರ್ಜಿ ಸಲ್ಲಿಸಿದ ಕೆಲವು ದಿನಗಳಲ್ಲಿ ವಿಶ್ವವಿದ್ಯಾಲಯವು ಅರ್ಜಿದಾರರ ಖಾತೆಯ ವಿವರವನ್ನು ಇಮೇಲ್ ಮಾಡುತ್ತದೆ. ಅದು ಸ್ಪ್ಯಾಮ್‌ಗೆ ಹೋಗಿ ಕುಳಿತಿರುವುದು ಸಾಮಾನ್ಯ. ಆ ಖಾತೆಯಲ್ಲಿ ಪ್ರವೇಶ ಮತ್ತು ಆನರ್ಸ್ ಎರಡರ ದಾಖಲೆಗಳೂ ತಲುಪಿವೆಯೇ ಎಂದು ಬೇರೆ ಬೇರೆಯಾಗಿ ನೋಡಬೇಕು. ಪ್ರವೇಶದ ನಿರ್ಧಾರ ಮೊದಲು ಬಂದು ಆನರ್ಸ್ ನಿರ್ಧಾರ ವಾರಗಟ್ಟಲೆ ತಡವಾಗಬಹುದು. ಒಪ್ಪಿಗೆ ತಿಳಿಸಲು ರೂಢಿಯ ಕೊನೆಯ ದಿನ ಮೇ 1. ಆನರ್ಸ್ ಸ್ಥಾನಕ್ಕೂ ಹಾಸ್ಟೆಲಿಗೂ ಅದಕ್ಕಿಂತ ಮೊದಲಿನ ದಿನಾಂಕ ಇರಬಹುದಾದ್ದರಿಂದ ಪತ್ರವನ್ನು ಪೂರ್ತಿ ಓದಿರಿ.

ಸಿಗದಿದ್ದರೆ ಆ ಬಾಗಿಲು ಮುಚ್ಚಿತೆಂದೇನೂ ಅಲ್ಲ. ಬಹಳಷ್ಟು ಆನರ್ಸ್ ಕಾಲೇಜುಗಳು ಒಳಗೇ ಓದುತ್ತಿರುವ ವಿದ್ಯಾರ್ಥಿಗಳನ್ನು ಮೊದಲ ಅಥವಾ ಎರಡನೆಯ ವರ್ಷದ ನಂತರ ಸೇರಿಸಿಕೊಳ್ಳುತ್ತವೆ, ಮತ್ತು ಆಗ ಪಿಯು ಅಂಕಗಳಿಗಿಂತ ಅಲ್ಲಿ ಗಳಿಸಿದ ಜಿಪಿಎಗೂ ಒಬ್ಬ ಪ್ರಾಧ್ಯಾಪಕರ ಪತ್ರಕ್ಕೂ ಹೆಚ್ಚು ಬೆಲೆ. ಆ ಪತ್ರ ಬೇಕೆಂದರೆ ಮೊದಲ ಸೆಮಿಸ್ಟರಿನ ಎರಡನೆಯ ವಾರವೇ, ಪ್ರಾಧ್ಯಾಪಕರು ವಿದ್ಯಾರ್ಥಿಗಳಿಗೆಂದು ಬಿಟ್ಟಿರುವ ಸಮಯದಲ್ಲಿ ಅವರ ಕೊಠಡಿಗೆ ಹೋಗಿ, ಪ್ರಬಂಧದಲ್ಲಿ ಬರೆದಿದ್ದ ಆ ಪ್ರಶ್ನೆಯನ್ನೇ ಅವರ ಮುಂದಿಟ್ಟು, ಅದಕ್ಕೆ ಮೊದಲು ಏನನ್ನು ಓದಬೇಕೆಂದು ಕೇಳಿರಿ.